ಕೋಡಿ ನೋಡಲು ಹೋಗುವುದು

ಮಳೆಗಾಲದ ಕೊನೆಯಲ್ಲಿ ಬಯಲುಸೀಮೆಯ ಊರುಗಳಲ್ಲಿ ಒಂದು ಸುದ್ದಿ ಬಾಯಿಂದ ಬಾಯಿಗೆ ಹಬ್ಬುತ್ತಿತ್ತು: ಕೆರೆ ಕೋಡಿ ಬಿತ್ತು. ಮಾತು ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಬಿಟ್ಟು ಜನ ಏರಿಯ ಕಡೆ ಹೊರಡುತ್ತಿದ್ದರು. ಹೆಂಗಸರ ಕೈಯಲ್ಲಿ ಗಂಗೆಗೆ ಬಿಡುವ ಬಾಗಿನ, ಮಕ್ಕಳಿಗೆ ಕೋಡಿಯ ನೀರಿನಲ್ಲಿ ಚಿಮ್ಮುವ ಮೀನಿನ ಆಸೆ, ಮುದುಕರ ಬಾಯಲ್ಲಿ ಹಿಂದಿನ ಸಲ ಯಾವ ವರ್ಷ ಕೋಡಿ ಬಿದ್ದಿತ್ತೆಂಬ ಲೆಕ್ಕ. ಬುತ್ತಿ ಕಟ್ಟಿಕೊಂಡು ಹೋದವರು ದಂಡೆಯ ಮರದ ನೆರಳಿನಲ್ಲಿ ಕೂತು ಉಂಡು, ಸಂಜೆಯ ಬಿಸಿಲು ನೀರಿನ ಮೇಲೆ ಮಲಗುವ ತನಕ ಇದ್ದು ಬರುತ್ತಿದ್ದರು. ಇದಕ್ಕೆ ಯಾರೂ ಪ್ರವಾಸ ಎಂಬ ಹೆಸರು ಕೊಟ್ಟಿರಲಿಲ್ಲ. ಹೋಗಲು ಬಸ್ಸು ಬೇಕಿರಲಿಲ್ಲ, ರಜೆ ಹಾಕಬೇಕಿರಲಿಲ್ಲ. ನಾಡಿನ ಎರಡು ಮೂರು ತಲೆಮಾರುಗಳ ನೆನಪಿನಲ್ಲಿ ಈ ಚಿತ್ರ ಇನ್ನೂ ಹಸಿಯಾಗಿದೆ. ಅದನ್ನು ನೆನೆದಾಗ ಒಂದು ನಿಟ್ಟುಸಿರು ಬಿಟ್ಟು, ಕಾಲ ಬದಲಾಯಿತು ಎಂದು ಸುಮ್ಮನಾಗುವುದು ನಮ್ಮ ಅಭ್ಯಾಸ. ಆ ನೆನಪು ನಮ್ಮಿಂದ ಇನ್ನೂ ಏನನ್ನೋ ಕೇಳುತ್ತಿದೆ ಎಂದು ನನಗೆ ಅನಿಸುತ್ತದೆ. ಕೆರೆ ನೋಡಲು ಹೋಗುವ ಆ ರೂಢಿಯೇ ಕೆರೆಯನ್ನು ಉಳಿಸಿದ ಕೆಲಸಗಳಲ್ಲಿ ಒಂದಾಗಿತ್ತು. ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು, ತೂಬು ಕಾಯುವುದು, ಇವುಗಳ ಸಾಲಿನಲ್ಲೇ ಅದನ್ನೂ ಎಣಿಸಬೇಕು. ರೂಢಿ ನಿಂತ ಕಡೆ ಕೆರೆ ಮೊದಲು ಜನರ ಕಣ್ಣಿನಿಂದ ಮರೆಯಾಯಿತು, ಆಮೇಲೆ ನಕಾಶೆಯಿಂದ. ಇದು ನನ್ನ ವಾದ. ಇದಕ್ಕೆ ಎದುರಾಗಿ ಹೇಳಬಹುದಾದದ್ದು ಬಹಳವಿದೆ. ಅದರಲ್ಲಿ ಕೆಲವು ಮಾತುಗಳು ಗಟ್ಟಿಯಾದವೂ ಹೌದು.

ನೋಡುವ ಆಸೆ ಜನರಲ್ಲಿ ಸತ್ತಿಲ್ಲ ಎಂಬುದಕ್ಕೆ 2022ರ ಸೆಪ್ಟೆಂಬರ್ ತಿಂಗಳೇ ಸಾಕ್ಷಿ. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿದ ಜಲಾಶಯ. 1933ರಲ್ಲಿ ಕೋಡಿ ಬಿದ್ದಿದ್ದ ಅದು ಮತ್ತೆ ಕೋಡಿ ಬೀಳಲು 89 ವರ್ಷ ಕಾಯಬೇಕಾಯಿತು. ಸುತ್ತಲಿನ ಹಳ್ಳಿಗಳಿಂದ, ಚಿತ್ರದುರ್ಗದಿಂದ, ತುಮಕೂರಿನ ಕಡೆಯಿಂದ ಜನ ಬೈಕು, ಟ್ರ್ಯಾಕ್ಟರು ಏರಿ ಬಂದರು. ಅಜ್ಜನ ಬಾಯಿಂದ ಕೇಳಿದ್ದನ್ನು ಮೊಮ್ಮಕ್ಕಳು ಕಣ್ಣಾರೆ ಕಂಡ ದಿನ ಅದು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಮತ್ತೆ ಜನ ಬಂದರು. ಬಂದವರಲ್ಲಿ ಎಷ್ಟು ಜನ ಆ ನೀರಿನ ದಾರಿಯನ್ನು ನೆನೆದರೋ! ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಬಳಿ ಅಯ್ಯನಕೆರೆಯನ್ನು ತುಂಬುತ್ತದೆ. ಆವತಿ ಹೊಳೆ ಕಡೂರು ಸೀಮೆಯ ಮದಗದ ಕೆರೆಯನ್ನು ತುಂಬುತ್ತದೆ. ಎರಡೂ ಕೂಡಿ ವೇದಾವತಿಯಾಗಿ ಹರಿದು ಬಂದು ಮಾರಿಕಣಿವೆಯಲ್ಲಿ ನಿಲ್ಲುತ್ತವೆ. ಮೇಲಿನ ಕೆರೆಗಳ ಕೋಡಿ ಬಿದ್ದರೆ ಕೆಳಗಿನ ಜಲಾಶಯಕ್ಕೆ ಜೀವ. ನಮ್ಮ ಕೆರೆಗಳೆಲ್ಲ ಹೀಗೆ ಸರಣಿಯಲ್ಲೇ ಬದುಕುತ್ತವೆ: ಒಂದು ತುಂಬಿ ಚೆಲ್ಲಿದ್ದನ್ನು ಇನ್ನೊಂದು ಹಿಡಿದುಕೊಳ್ಳುತ್ತದೆ. ಇದನ್ನು ಪಾಠದಲ್ಲಿ ಹತ್ತು ಸಲ ಓದಿದರೂ ತಲೆಗೆ ಹತ್ತದು. ಶಕುನಗಿರಿಯ ನೆರಳು ಬೀಳುವ ಅಯ್ಯನಕೆರೆಯ ಕೋಡಿಯ ಮೇಲೆ ನಿಂತು, ನೀರು ಯಾವ ಕಡೆಗೆ ತಿರುಗಿತು ಎಂದು ಒಮ್ಮೆ ಕಣ್ಣು ಹಾಯಿಸಿದರೆ ಸಾಕು.

ಕನ್ನಡಿಗರ ಚರಿತ್ರೆ ಶುರುವಾಗುವುದೇ ಕೆರೆಯ ದಂಡೆಯಲ್ಲಿ ಎಂದರೆ ಅತಿಶಯವಾಗದು. ಕದಂಬ ಮಯೂರಶರ್ಮನ ಹೆಸರಿನ ಶಾಸನ ಚಿತ್ರದುರ್ಗದ ಚಂದ್ರವಳ್ಳಿಯ ಬಂಡೆಯ ಮೇಲಿದೆ; ಅದು ಹೇಳುವುದು ಕೆರೆಯ ವಿಷಯ. ಅವನು ರಾಜ್ಯ ಕಟ್ಟಿದ ಕಥೆಯನ್ನು ವಿವರವಾಗಿ ಹೇಳುವ ತಾಳಗುಂದದ ಕಂಬದ ಶಾಸನ, ಕಾಕುಸ್ಥವರ್ಮ ಅಲ್ಲಿನ ದೇವಾಲಯದ ಬಳಿ ಕೆರೆ ಕಟ್ಟಿಸಿದ ನೆನಪಿಗೆ ಕುಬ್ಜ ಎಂಬ ಕವಿ ರಚಿಸಿದ್ದು. ಕೆರೆಯೊಂದು ಆಗದೆ ಹೋಗಿದ್ದರೆ ಆ ಕಥೆಯೂ ನಮಗೆ ದಕ್ಕುತ್ತಿರಲಿಲ್ಲ. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಹೆಸರು ಬಂದದ್ದು ಕೆರೆಯಿಂದ. ಅರಸೀಕೆರೆ, ತರೀಕೆರೆ, ಹೊಳಲ್ಕೆರೆ, ಚಳ್ಳಕೆರೆ, ಎಣಿಸುತ್ತ ಹೋದರೆ ರೈಲ್ವೆ ವೇಳಾಪಟ್ಟಿಯೇ ಕೆರೆಗಳ ಪಟ್ಟಿಯಂತೆ ಕಾಣುತ್ತದೆ. ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದವನೆಂದೇ ಪ್ರಸಿದ್ಧ, ಆ ಕೆರೆ ಇವತ್ತಿಗೂ ಸೊಲ್ಲಾಪುರದ ನಡುವೆ ಇದೆ. 19ನೇ ಶತಮಾನದಲ್ಲಿ ಮೈಸೂರು ಸಂಸ್ಥಾನದಲ್ಲಿ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ ಸಾಹೇಬ, ಇಲ್ಲಿ ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿಟ್ಟ. ಅಷ್ಟು ಒತ್ತಾಗಿ ಹಿಂದಿನವರು ನೆಲವನ್ನೆಲ್ಲ ಕೆರೆಗಳಿಂದ ಪೋಣಿಸಿಬಿಟ್ಟಿದ್ದರು. ಆಮೇಲೂ ಒಂದು ಜಾಗ ಸಿಕ್ಕಿತು ಅನ್ನಿ, 1882ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಕೆರೆಗೆ ಅವನದೇ ಹೆಸರಿದೆ. ರಾಜ್ಯದಲ್ಲಿ ಇವತ್ತು ಲೆಕ್ಕಕ್ಕೆ ಸಿಗುವ ಕೆರೆಗಳು ಸುಮಾರು 36 ಸಾವಿರ. ಅಂದರೆ ಕನ್ನಡ ಓದುವ ಹೆಚ್ಚಿನವರ ಮನೆಯಿಂದ ಒಂದು ದಿನದಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಕೆರೆ ಇದ್ದೇ ಇರುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಕೆರೆ ಕಟ್ಟಿದ್ದು ಗದ್ದೆಗೆ, ದನಕ್ಕೆ, ಕುಡಿಯುವುದಕ್ಕೆ. ಚೆಲುವು ಎಂಬುದು ಹೊಟ್ಟೆ ತುಂಬಿದ ನಗರದವರು ಈಗ ಅಂಟಿಸಿದ ಮಾತು. ರೈತನಿಗೆ ಕೆರೆ ಎಂದರೆ ಅಚ್ಚುಕಟ್ಟು, ಅಷ್ಟೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ರೈತನಿಗೆ ಕಣ್ಣಿಲ್ಲ ಎಂದು ಹೇಳಿದಂತಾಗುವ ಈ ಮಾತನ್ನು ನಾನು ಒಪ್ಪಲಾರೆ. ಕುಣಿಗಲ್ ಕೆರೆಯ ಮೇಲಿನ ಜನಪದ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಅದು ಶುರುವಾಗುವುದು ಭತ್ತದ ಇಳುವರಿಯಿಂದಲ್ಲ, ಕೆರೆಯನ್ನು ನೋಡುವವರ ಸುಖದಿಂದ. ಅದನ್ನು ಕಟ್ಟಿದವರು ಗದ್ದೆಯಲ್ಲಿ ನಾಟಿ ಹಾಕುವವರೇ ಹೊರತು ಪ್ರವಾಸಿಗಳಲ್ಲ. ಕೆರೆ ಇದ್ದಲ್ಲಿ ಗುಂಡುತೋಪು, ಏರಿಯ ತುದಿಗೊಂದು ಗುಡಿ, ತೂಬಿನ ಕಂಬಗಳ ಮೇಲೆ ಕೆತ್ತನೆ: ನೀರು ಬಿಡುವುದಕ್ಕೆ ಕೆತ್ತನೆ ಬೇಕಿಲ್ಲ. ಬೇಕಿತ್ತೆಂದು ಯಾರಿಗೋ ಅನಿಸಿತು, ಕಲ್ಲುಕುಟಿಗನ ಕೂಲಿಯನ್ನು ಊರು ಕೊಟ್ಟಿತು. ಉಪಯೋಗ ಒಂದು ಕಡೆ, ಸೊಗಸು ಒಂದು ಕಡೆ ಎಂದು ಸೀಳಿ ನೋಡುವುದು ನಮ್ಮ ಕಾಲದ ಅಭ್ಯಾಸ. ತುಂಬಿದ ಕೆರೆ ಚೆಂದ ಕಂಡದ್ದು ಅದು ತುಂಬಿದ್ದರಿಂದಲೇ. ಮುಂದಿನ ಬೆಳೆಯ ಭರವಸೆ ಆ ಚೆಲುವಿನ ಒಳಗೇ ಇತ್ತು. ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನವೊಂದು ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಒದಗುವ 6 ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಜಿನುಗುವುದು, ಚೌಳು ಮಣ್ಣು ಇವೆಲ್ಲ ದೋಷಗಳೆಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ ಎನ್ನುತ್ತದೆ ಆ ಶಾಸನ. ಜಗಳದ ಭಯ ಅದಕ್ಕೆ ಕಾರಣವಿರಬಹುದು. ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ: ಗಡಿಯ ಕೆರೆ ಇಬ್ಬರದೂ ಹೌದು, ಆದ್ದರಿಂದ ಯಾರದೂ ಅಲ್ಲ, ನಮ್ಮದು ಎಂದು ಬಂದು ನೋಡುವವರಿಲ್ಲದ ನೀರು ಅದು.

ಬೆಂಗಳೂರಿನ ಎಷ್ಟೋ ಕೆರೆಗಳು ಒಂದು ಶತಮಾನದಲ್ಲಿ ಹೀಗೆ ಯಾರದೂ ಅಲ್ಲದವಾದವು. ಈ ಕಥೆಯನ್ನು ಭೂಗಳ್ಳರ ಕಥೆಯಾಗಿಯೇ ಹೇಳುವುದು ರೂಢಿ. ಒತ್ತುವರಿ ನಿಜ, ಆದರೆ ಅದು ಕಥೆಯ ಎರಡನೆಯ ಅಧ್ಯಾಯ. ಮೊದಲನೆಯದು ನಲ್ಲಿಯದು. 1896ರಲ್ಲಿ ಹೆಸರಘಟ್ಟದ ನೀರು ಕೊಳವೆಯಲ್ಲಿ ನಗರಕ್ಕೆ ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು ಬಂತು. 1974ರಲ್ಲಿ ಕಾವೇರಿಯೇ ಬಂದಳು. ಒಂದೊಂದು ಕೊಳವೆ ಬಂದಾಗಲೂ ಒಂದಷ್ಟು ಬೀದಿಗಳ ಜನ ಕೆರೆಯ ಕಡೆ ಹೋಗುವುದನ್ನು ಬಿಟ್ಟರು. ನೀರು ಮನೆಗೆ ಬಂದದ್ದು ಒಳ್ಳೆಯದೇ. ಬಿಂದಿಗೆ ಹೊತ್ತು ಸೊಂಟ ನೋಯಿಸಿಕೊಂಡ ಹೆಣ್ಣುಮಕ್ಕಳಿಗೆ ಅದು ಎಂಥ ಬಿಡುಗಡೆ ಎಂಬುದನ್ನು ಯಾವ ನೆನಪಿನ ಮೋಹವೂ ಮರೆಸಬಾರದು. ಆದರೆ ನೀರಿಗಾಗಿ ಹೋಗುವುದು ನಿಂತಾಗ, ಸುಮ್ಮನೆ ಹೋಗುವುದೂ ಅದರ ಜೊತೆಗೇ ನಿಂತಿತು. ಹತ್ತು ವರ್ಷ ಯಾರೂ ಹತ್ತದ ಏರಿಯ ಆಚೆ ಇರುವುದು ಸರ್ಕಾರಿ ಕಡತದಲ್ಲಿ ಖಾಲಿ ಜಾಗವಾಯಿತು, ಮಲೇರಿಯಾದ ಭಯವೂ ಅದಕ್ಕೆ ನೆಪವಾಗಿ ಒದಗಿತು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ಬಂತು. ಅಕ್ಕಿತಿಮ್ಮನಹಳ್ಳಿ ಕೆರೆಯ ಜಾಗದಲ್ಲಿ ಹಾಕಿ ಕ್ರೀಡಾಂಗಣ, ಕೋರಮಂಗಲದ ಕೆರೆಯ ಅಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಬಹುಮಹಡಿ ಮನೆಗಳು. ಇವೆಲ್ಲ ಹಗಲು ಹೊತ್ತಿನಲ್ಲೇ, ಕಾನೂನಿನ ಪ್ರಕಾರವೇ, ಸಾರ್ವಜನಿಕ ಕೆಲಸದ ಹೆಸರಿನಲ್ಲೇ ಆದವು. ತಡೆಯಲು ಜನ ಇರಲಿಲ್ಲ, ಏಕೆಂದರೆ ಆ ಹೊತ್ತಿಗೆ ಆ ಕೆರೆಗಳ ಜೊತೆ ಜನರಿಗೆ ನಂಟೇ ಉಳಿದಿರಲಿಲ್ಲ.

ಸಂಪಂಗಿ ಕೆರೆಯದು ಮಾತ್ರ ಸ್ವಲ್ಪ ಬೇರೆ. ಅದರ ಬಹುಭಾಗ ಇವತ್ತು ಕಂಠೀರವ ಕ್ರೀಡಾಂಗಣದ ಅಡಿಯಲ್ಲಿದೆ. ಆದರೆ ಒಂದು ಮೂಲೆಯಲ್ಲಿ ಚಿಕ್ಕದೊಂದು ಕೊಳ ಹಾಗೇ ಉಳಿದಿದೆ. ಏಕೆ ಉಳಿಯಿತು? ಬೆಂಗಳೂರು ಕರಗದ ಆಚರಣೆಗೆ ಆ ನೀರು ಬೇಕು. ವರ್ಷವರ್ಷವೂ ಚೈತ್ರದಲ್ಲಿ ತಿಗಳ ಸಮುದಾಯದವರು ಅಲ್ಲಿಗೆ ಬಂದೇ ಬರುತ್ತಾರೆ. ಹೀಗೆ ಬರುವುದನ್ನು ಅವರು ಬಿಡಲಿಲ್ಲ, ಆದ್ದರಿಂದ ಕೆರೆಯ ಅಷ್ಟು ಭಾಗವನ್ನು ಯಾರಿಗೂ ಮುಚ್ಚಲಾಗಲಿಲ್ಲ. ಎಕರೆಗಟ್ಟಲೆ ನೀರಿನಲ್ಲಿ ಜನರ ಕಾಲು ಹೋಗುತ್ತಿದ್ದ ಅಂಗುಲ ಅಷ್ಟೇ ಉಳಿಯಿತು ಎಂಬುದು ನನ್ನ ವಾದಕ್ಕೆ ಸಿಕ್ಕುವ ಅತ್ಯಂತ ಸ್ಪಷ್ಟವಾದ ಪುರಾವೆ. ಅತ್ಯಂತ ನೋವಿನ ಪುರಾವೆ ಕೂಡ. ಇದಕ್ಕೆ ತದ್ವಿರುದ್ಧವಾಗಿ ಬೆಳ್ಳಂದೂರು ಕೆರೆಯನ್ನು ನೋಡಿ. ಅದನ್ನು ಯಾರೂ ಮುಚ್ಚಲಿಲ್ಲ. ನಗರ ತನ್ನ ಕೊಳಚೆಯನ್ನೆಲ್ಲ ಅದಕ್ಕೆ ಬಿಟ್ಟು ಮುಖ ತಿರುಗಿಸಿಕೊಂಡಿತು. 2015ರಲ್ಲಿ ಅದರ ನೊರೆಗೆ ಬೆಂಕಿ ಹತ್ತಿದಾಗ ಜಗತ್ತೇ ಅದರ ಚಿತ್ರ ನೋಡಿತು. 2018ರ ಜನವರಿಯಲ್ಲಿ ಅಲ್ಲಿ ಹತ್ತಿದ ಬೆಂಕಿ ಆರಿಸಲು ಸೇನೆಯ ಜವಾನರೂ ಬರಬೇಕಾಯಿತು. ಅಷ್ಟರಲ್ಲಿ ಅದೇ ಸುತ್ತಿನ ಕೈಕೊಂಡ್ರಹಳ್ಳಿ ಕೆರೆ ಬೇರೊಂದು ದಾರಿ ಹಿಡಿದಿತ್ತು. 2010ರ ಆಸುಪಾಸಿನಲ್ಲಿ ಅಕ್ಕಪಕ್ಕದ ನಿವಾಸಿಗಳು ಪಾಲಿಕೆಯ ಜೊತೆ ಕೂತು ಅದನ್ನು ಮತ್ತೆ ಕೆರೆ ಮಾಡಿದರು, ದಿನ ಬೆಳಗಾದರೆ ಅದರ ಸುತ್ತ ನಡೆದರು, ಮಕ್ಕಳನ್ನು ಕರೆತಂದು ಹಕ್ಕಿ ತೋರಿಸಿದರು. ಒಂದೇ ನಗರ, ಒಂದೇ ಆಡಳಿತ, ಒಂದೇ ಮಳೆ. ಎರಡರ ಗಾತ್ರ ಬೇರೆ, ಒಳಗೆ ಬರುವ ಕೊಳಚೆಯ ಪ್ರಮಾಣವೂ ಬೇರೆ ಎಂಬುದನ್ನು ನಾನು ಬಲ್ಲೆ. ನಡಿಗೆಯಿಂದಲೇ ಬೆಳ್ಳಂದೂರು ತಿಳಿಯಾಗಿಬಿಡುತ್ತಿತ್ತು ಎನ್ನುವಷ್ಟು ಮುಗ್ಧತೆ ನನಗಿಲ್ಲ. ಆದರೆ ನೀರಿನ ಬಣ್ಣ ನಿನ್ನೆಗಿಂತ ಇವತ್ತು ಬೇರೆಯಾಗಿದೆ ಎಂದು ಹೇಳಲು ನಿನ್ನೆಯೂ ಅಲ್ಲಿಗೆ ಹೋಗಿದ್ದವರೇ ಬೇಕು.

ಮೈಸೂರು ಈ ವಿಷಯದಲ್ಲಿ ಪುಣ್ಯವಂತ ಊರು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಊರು ಬೆಳೆದ ಮೇಲೂ ಊರಿನ ಒಳಗೇ ಉಳಿಯಿತು. ಕುವೆಂಪು ಅವರ ಸಂಜೆಯ ತಿರುಗಾಟದ ಜಾಗ ಅದು. ಅವರ ಕವಿತೆಗಳಲ್ಲಿ ಅದರ ನೀರೂ ಆಕಾಶವೂ ಇವೆ. ಕುಲಪತಿಯಾಗಿ ಅವರು ಕಟ್ಟಿದ ಮಾನಸಗಂಗೋತ್ರಿ ಅದರ ಪಕ್ಕದಲ್ಲೇ ಎದ್ದಿತು. ಕವಿ ಹೋದದ್ದರಿಂದ ಕೆರೆ ಉಳಿಯಿತೋ, ಚೆಲುವಿದ್ದದ್ದರಿಂದ ಕವಿ ಹೋದರೋ, ಬಿಡಿಸಿ ಹೇಳುವುದು ಕಷ್ಟ. ಮೈಸೂರಿನವರು ಇವತ್ತಿಗೂ ಅದರ ಸುತ್ತ ನಡೆಯುತ್ತಾರೆ, ಒಳಗೆ ಕೊಳಚೆ ಬಂದರೆ ಗಲಾಟೆ ಮಾಡುತ್ತಾರೆ. ಧಾರವಾಡದವರಿಗೆ ಸಾಧನಕೇರಿ ಎಂದರೆ ಬೇಂದ್ರೆ, ಬೇಂದ್ರೆ ಎಂದರೆ ಸಾಧನಕೇರಿ. ಆದರೆ ಕವಿಗಳೇ ಬೇಕೆಂದೇನೂ ಇಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆಯ ಬಾತುಗಳು ಹಿಂಡುಗಟ್ಟಿ ಬರುತ್ತವೆ. ಹಗಲು ಕೆರೆಯಲ್ಲಿ, ಉಳಿದ ಹೊತ್ತು ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. ಬೆಳೆಗೆ ಅದರಿಂದ ನಷ್ಟವೇ. ಆದರೂ ಊರವರು ಅವನ್ನು ಬೇಟೆಯಾಡದೆ ಬಿಟ್ಟರು, ನೋಡಲು ಬಂದವರಿಗೆ ದಾರಿ ತೋರಿಸಿದರು. ಈಗ ಮಾಗಡಿ ಕೆರೆಯೂ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಯಲ್ಲಿವೆ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯಂಗಳದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಆ ಮರದ ಹುಣಸೆಹಣ್ಣಿನ ಆದಾಯವನ್ನು ಬಿಟ್ಟುಕೊಟ್ಟ ಕುಟುಂಬಗಳು ಅಲ್ಲಿವೆ. ಅರಣ್ಯ ಇಲಾಖೆಯ ಫಲಕ ಬರುವುದಕ್ಕೆ ಎಷ್ಟೋ ಕಾಲ ಮೊದಲೇ, ಅವು ನಮ್ಮೂರಿನ ಹಕ್ಕಿಗಳು ಎಂಬ ಅಭಿಮಾನ ಆ ಊರಿಗಿತ್ತು.

ಎರಡನೆಯ ಆಕ್ಷೇಪ ಹೆಚ್ಚು ಕಠಿಣ. ಹೋಗಿ ನೋಡಿ ಎಂದರೆ ಜನ ಹೋಗುತ್ತಾರೆ, ಜೊತೆಗೆ ಪ್ಲಾಸ್ಟಿಕ್ ಬಾಟಲಿ, ಬಿಯರ್ ಬಾಟಲಿ, ಕಿವಿ ಕಿತ್ತುಹೋಗುವ ಸ್ಪೀಕರ್ ಎಲ್ಲವೂ ಹೋಗುತ್ತವೆ. ಯಾರಿಗೂ ಗೊತ್ತಿಲ್ಲದ ಕೆರೆಯೇ ಕ್ಷೇಮ. ವಾರಾಂತ್ಯದ ನಂದಿಬೆಟ್ಟವನ್ನೋ, ಪಾಂಡವಪುರದ ಹತ್ತಿರದ ತೊಣ್ಣೂರು ಕೆರೆಯನ್ನೋ ಕಂಡವರು ಇದನ್ನು ಸುಳ್ಳೆನ್ನಲಾರರು. ತೊಣ್ಣೂರಿನ ನೀರು ಎಷ್ಟು ತಿಳಿಯೆಂದರೆ 18ನೇ ಶತಮಾನದಲ್ಲಿ ಅದಕ್ಕೆ ಮೋತಿ ತಾಲಾಬ್, ಮುತ್ತಿನ ಕೆರೆ, ಎಂಬ ಹೆಸರೇ ಬಿತ್ತು. ಆ ತಿಳಿನೀರಿನ ಮೋಹಕ್ಕೆ ಆಳ ಗೊತ್ತಿಲ್ಲದೆ ಇಳಿದು ಜೀವ ಕಳೆದುಕೊಂಡವರಿದ್ದಾರೆ. ಆದರೆ ಗಮನಿಸಿ: ಈ ಹಾನಿಯ ಬಹುಪಾಲು ದೂರದಿಂದ ಒಂದೇ ಒಂದು ಸಲ ಬರುವವರಿಂದ ಆಗುವಂಥದ್ದು. ಫೋಟೊ ತೆಗೆದುಕೊಂಡು ಹೋದವರಿಗೆ ಆ ಜಾಗ ಮತ್ತೆ ಬೇಕಿಲ್ಲ. ಬಿಟ್ಟುಹೋದ ಕಸವನ್ನು ಮುಂದಿನ ವಾರ ತಾವೇ ತುಳಿಯಬೇಕಾಗಿಲ್ಲ. ನಾನು ಹೇಳುತ್ತಿರುವುದು ಮೂರು ಮೈಲಿಯ, ಹತ್ತು ಮೈಲಿಯ ಕೆರೆಯ ಮಾತು. ನೂರಾರು ಕಿಲೋಮೀಟರು ದೂರದ ಒಂದೇ ಜಾಗಕ್ಕೆ ಇಡೀ ರಾಜ್ಯ ಮುಗಿಬೀಳುವುದು ಏಕೆಂದರೆ ತಮ್ಮ ಊರಿನ ಹೊರಗಿನದು ನೋಡುವಂಥದ್ದೇ ಅಲ್ಲ ಎಂದು ಎಲ್ಲರೂ ನಂಬಿದ್ದಾರೆ. ಇರುವ 36 ಸಾವಿರಕ್ಕೆ ಜನ ಹಂಚಿಹೋದರೆ ಯಾವ ಕೆರೆಗೂ ಅದು ಭಾರವಾಗದು. ಪರಿಚಿತರ ಕಣ್ಣೆದುರಿನಲ್ಲಿ ಬಾಟಲಿ ಒಡೆಯಲು ನಾಚಿಕೆಯೂ ಅಡ್ಡ ಬರುತ್ತದೆ. ಆಳ ಎಲ್ಲಿದೆ, ಕೆಸರು ಎಲ್ಲಿದೆ ಎಂದು ಕೂಗಿ ಹೇಳುವ ದನಗಾಹಿಯೂ ಅಲ್ಲೇ ಇರುತ್ತಾನೆ. ಯಾರಿಗೂ ಗೊತ್ತಿಲ್ಲದ ಕೆರೆ ಕ್ಷೇಮ ಎಂಬ ಮಾತಿಗೆ ಧರ್ಮಾಂಬುಧಿಯೇ ಉತ್ತರ. ಅದು ಊರ ನಡುವೆ ಇದ್ದೇ ಯಾರಿಗೂ ಗೊತ್ತಿಲ್ಲದ್ದಾಗಿಹೋಯಿತು.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪ ಮೂರನೆಯದು. ಯಾರ ನೆನಪು ಇದು? ಏರಿಯ ಮೇಲೆ ಬುತ್ತಿ ಬಿಚ್ಚಿ ಕೂರುವ ಸುಖ ಎಲ್ಲರಿಗೂ ಇತ್ತೇ? ಮಹಾಡದ ಚವದಾರ್ ಕೆರೆಯಿಂದ ಬೊಗಸೆ ನೀರು ಕುಡಿಯುವುದಕ್ಕೆ 1927ರ ಮಾರ್ಚ್ 20ರಂದು ಅಂಬೇಡ್ಕರ್ ಸತ್ಯಾಗ್ರಹವನ್ನೇ ಮಾಡಬೇಕಾಯಿತು. ನಮ್ಮ ಹಳ್ಳಿಗಳು ಅದಕ್ಕಿಂತ ಉತ್ತಮವಾಗೇನೂ ಇರಲಿಲ್ಲ. ಕೆರೆಯ ಮಣ್ಣು ಹೊತ್ತವರು ಒಡ್ಡರು. ತೂಬು ಎತ್ತಿ ಇಳಿಸಿ, ರಾತ್ರಿಯೆಲ್ಲ ಏರಿ ಕಾಯ್ದು, ಗದ್ದೆಗದ್ದೆಗೆ ನೀರು ಹಂಚಿದ ನೀರುಗಂಟಿಗಳು ಬಹಳ ಊರುಗಳಲ್ಲಿ ದಲಿತರು. ಊರಿಗೆಲ್ಲ ನೀರು ಕೊಟ್ಟವರಿಗೆ ಊರಿನವರು ಇಳಿಯುವ ಸೋಪಾನದಲ್ಲಿ ಇಳಿಯುವ ಹಕ್ಕಿರಲಿಲ್ಲ. ಕೆರೆಗೆ ಹಾರ ಎಂಬ ಕಥನಗೀತೆಯ ಭಾಗೀರಥಿ, ನೀರು ಬರಲೆಂದು ಮನೆಯವರೇ ಬಲಿಕೊಟ್ಟ ಸೊಸೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಐತಿಹ್ಯದಲ್ಲಿ, ಕೆರೆಗೆ ತಮ್ಮ ಕೇರಿಯ ನೆಲ ಬಿಟ್ಟುಕೊಟ್ಟ ಹೆಂಗಸರು ಕೇಳಿದ್ದು ಕೆರೆಗೆ ತಮ್ಮ ಹೆಸರಿರಲಿ ಎಂಬ ಒಂದೇ ಮಾತನ್ನು. ಆ ಹೆಸರನ್ನೂ ಈಗ ಶಾಂತಿಸಾಗರ ಎಂಬ ಫಲಕದ ಹಿಂದೆ ಮರೆಮಾಡಿದ್ದೇವೆ. ಇದೆಲ್ಲ ನಿಜ, ಇದನ್ನು ಬಿಟ್ಟು ಬರೆಯುವ ಕೆರೆಯ ನೆನಪು ಅರ್ಧ ಸುಳ್ಳು. ಆದರೆ ಇದರಿಂದ ಹೊರಡುವ ತೀರ್ಮಾನ ಏನು? ಕೆಲವರಿಗೇ ಸಿಕ್ಕಿದ್ದ ಸುಖವನ್ನು ಯಾರಿಗೂ ಬೇಡವೆಂದು ಬಿಟ್ಟುಬಿಡುವುದೇ? ಅಂಬೇಡ್ಕರ್ ಕೆರೆಯಿಂದ ದೂರ ನಡೆಯಿರಿ ಎನ್ನಲಿಲ್ಲ, ಸಾವಿರಾರು ಜನರನ್ನು ಕರೆದುಕೊಂಡು ಕೆರೆಗೆ ಇಳಿದರು. ಸಾರ್ವಜನಿಕ ಕೆರೆಯ ದಂಡೆಯಲ್ಲಿ ಯಾರು ಬೇಕಾದರೂ, ಯಾರ ಪಕ್ಕದಲ್ಲಿ ಬೇಕಾದರೂ ಕೂತು ಊಟ ಮಾಡಬಹುದಾದ ಭಾನುವಾರ ನಮ್ಮ ಹಿಂದಿನವರಿಗೆ ಇರಲಿಲ್ಲ. ನಮಗೆ ಇದೆ, ಇನ್ನೂ ಎಲ್ಲ ಊರುಗಳಲ್ಲೂ ಇಲ್ಲ. ಇಲ್ಲದ ಕಡೆ ಅದನ್ನು ಸಾಧಿಸುವುದೂ ಹೋಗುವುದರ ಒಂದು ಭಾಗ. ಹಿಂದಿನ ರೂಢಿಯನ್ನು ಇದ್ದ ಹಾಗೇ ವಾಪಸ್ ತರಬೇಕೆಂದು ನಾನು ಕೇಳುತ್ತಿಲ್ಲ. ಅದರಲ್ಲಿದ್ದ ಕಾಲ್ನಡಿಗೆಯನ್ನು ಇಟ್ಟುಕೊಂಡು ಬೇಲಿಯನ್ನು ಕಿತ್ತುಹಾಕೋಣ ಎನ್ನುತ್ತಿದ್ದೇನೆ.

ಬೇಲಿ ಎಂದಾಗ ಈಗಿನ ಕೆರೆ ಅಭಿವೃದ್ಧಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸುತ್ತ ತಂತಿ, ಒಳಗೆ ಸಿಮೆಂಟ್ ಕಟ್ಟೆ, ನಡುವೆ ಕಾರಂಜಿ, ಬಾಗಿಲಲ್ಲಿ ಸಮಯದ ಫಲಕ. ದಂಡೆಯನ್ನು ಕಡಿದಾಗಿ ಕೊರೆದು ಬಟ್ಟಲಿನಂತೆ ಮಾಡಿದ ಕೆರೆಯಲ್ಲಿ, ಅಂಚಿನ ಅರೆಮುಳುಗಿದ ಕೆಸರಿನಲ್ಲಿ ಹುಳ ಹೆಕ್ಕುವ ಉಲ್ಲಂಕಿಗಳಿಗೆ ಕಾಲೂರಲು ಜಾಗವಿಲ್ಲ. ದನ ನೀರಿಗಿಳಿಯುವಂತಿಲ್ಲ, ಅಗಸರಿಗೆ ಕಲ್ಲಿಲ್ಲ, ಬೆಸ್ತರಿಗೆ ಬಲೆ ಬೀಸಲು ಎಡೆಯಿಲ್ಲ. ನಡೆಯುವವರಿಗೆ ಮಾತ್ರ ಕೆರೆ. ನೋಡುವುದೂ ಒಂದು ಉಪಯೋಗ ಎಂದು ವಾದಿಸುತ್ತಿರುವ ನಾನೇ, ನೋಡುವುದೊಂದೇ ಉಪಯೋಗವಾದರೆ ಕೆರೆ ಚಿತ್ರಪಟವಾಗುತ್ತದೆ ಎಂದೂ ಒಪ್ಪಬೇಕು. ದಿನವಿಡೀ ಅಲ್ಲಿ ಕೆಲಸ ಮಾಡುವವರೇ ಕೆರೆಯ ಮೊದಲ ಕಾವಲುಗಾರರು. ಬಿಡುವಿನಲ್ಲಿ ಬರುವವರು ಅವರಿಗೆ ಜೊತೆ.

ನೀರೇ ಇಲ್ಲದ ಕೆರೆಗೆ ಹೋಗಿ ಏನು ನೋಡುವುದು ಎಂಬ ಪ್ರಶ್ನೆಯೂ ಉಂಟು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದವರು ಇದನ್ನು ಕೇಳಿದರೆ ಅವರ ದನಿಯಲ್ಲಿ ಬೇಸರವಿರುವುದು ಸಹಜ. ಆದರೆ ಕೆರೆಯನ್ನು ಅರಿಯಲು ಬೇಸಿಗೆಯೇ ಒಳ್ಳೆಯ ಕಾಲ ಎಂಬುದು ನನ್ನ ನಂಬಿಕೆ. ತುಂಬಿದಾಗ ಮುಳುಗಿರುವ ತೂಬಿನ ಕಂಬ ಆಗ ಬುಡದವರೆಗೂ ಕಾಣುತ್ತದೆ. ಹೂಳು ಎಷ್ಟು ಏರಿದೆ, ಕಾಲುವೆ ಎಲ್ಲಿ ಮುಚ್ಚಿದೆ, ಯಾರ ಬದು ಕಳೆದ ವರ್ಷಕ್ಕಿಂತ ಎಷ್ಟು ಮಾರು ಒಳಗೆ ಬಂದಿದೆ, ಎಲ್ಲವೂ ಬಯಲಾಗುತ್ತವೆ. ಕೆರೆಯನ್ನು ಕದಿಯುವವರು ಕದಿಯುವುದೂ ಬೇಸಿಗೆಯಲ್ಲೇ. ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಪದಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟುವುದಕ್ಕೂ ಕಟ್ಟಿದ್ದನ್ನು ಕಾಪಾಡುವುದಕ್ಕೂ ಬಿಟ್ಟ ಭೂಮಿ, ಆದಾಯ ಅವು. ಹಿಂದಿನವರು ಬೇಸಿಗೆಯಲ್ಲಿ ಅಂಗಳಕ್ಕಿಳಿದು, ಹೂಳು ತೋಡಿ, ಗಾಡಿಯಲ್ಲಿ ಹೊಲಕ್ಕೆ ಹೊತ್ತುಕೊಂಡು ಹೋಗುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವಾಯಿತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎಷ್ಟೋ ವರ್ಷ ಬರಿದಾಗಿದ್ದ ಅಂಗಳಗಳಲ್ಲಿ ನೀರು ನಿಂತಿತು, ಬತ್ತಿದ ಬಾವಿಗಳಲ್ಲಿ ಒರತೆ ಕಂಡಿತು. ಆ ನೀರು ಸಾಕಷ್ಟು ಶುದ್ಧವೇ ಎಂಬ ಜಗಳವೂ ಜೊತೆಗೇ ನಡೆದಿದೆ. ಜಗಳ ನಡೆಯುತ್ತಿರುವುದು ಒಳ್ಳೆಯ ಲಕ್ಷಣ. ಕೋಲಾರದವರು ತಮ್ಮ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಮೂಸಿ ನೋಡುತ್ತಿದ್ದಾರೆ ಎಂದೇ ಅದರ ಅರ್ಥ.

ಆದ್ದರಿಂದ ಓದುಗರಲ್ಲಿ ನನ್ನದೊಂದು ಕೇಳಿಕೆ. ಮುಂದಿನ ರಜೆಯ ದಿನ ದೂರದ ಊರಿಗೆ ಗಾಡಿ ಹತ್ತುವ ಮೊದಲು ನಿಮ್ಮೂರಿನ ಹತ್ತಿರದ ಕೆರೆಗೆ ಹೋಗಿ. ಬಿಸಿಲೇರುವ ಮುಂಚೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ಅಲ್ಲಿ ದನ ಮೇಯಿಸುವವರನ್ನು, ಬಲೆ ಬಿಡಿಸುತ್ತ ಕೂತವರನ್ನು ಮಾತಾಡಿಸಿ: ತೂಬು ಎಲ್ಲಿದೆ, ಕೋಡಿ ಯಾವ ಕಡೆ, ನೀರು ಯಾವ ಹಳ್ಳದಿಂದ ಬರುತ್ತದೆ, ಕಡೆಯ ಸಲ ತುಂಬಿದ್ದು ಯಾವಾಗ. ಈಜು ಬರುತ್ತದೆಂದು ಗೊತ್ತಿಲ್ಲದ ನೀರಿಗೆ ಇಳಿಯಬೇಡಿ. ಬುತ್ತಿ ಬಿಚ್ಚಿದ ಎಲೆ, ಕಾಗದ, ಬಾಟಲಿ ವಾಪಸ್ ಕಟ್ಟಿಕೊಂಡು ಬನ್ನಿ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಅಜ್ಜಿ ತಾತ ಇದ್ದರೆ ಅವರನ್ನೂ. ಕೋಡಿ ಬಿದ್ದ ವರ್ಷಗಳ ಲೆಕ್ಕ ಅವರ ಹತ್ತಿರ ಇರುತ್ತದೆ. ಆಮೇಲೆ ಬೇಸಿಗೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ, ಅದೇ ಕೆರೆಗೆ ಹೋಗಿ ಬನ್ನಿ.